ಒಂದೇ ತಿಥಿ: ವಿಯೋಗ ಮತ್ತು ಕೇವಲಜ್ಞಾನ

ಭವ್ಯರೇ, ಶಾಸ್ತ್ರಗಳು ಶ್ರೀ ಮಹಾವೀರಸ್ವಾಮಿಯ ನಿರ್ವಾಣವನ್ನು ಕಾರ್ತಿಕ ಕೃಷ್ಣಪಕ್ಷದಲ್ಲಿ ಹೇಳಿದರೆ, ಶಿವಮೊಗ್ಗ ಭದ್ರಾವತಿಗಳ ಮನೆಗಳ ಪಂಚಾಂಗವು ಆಶ್ವಯುಜ ಬಹುಳವೆನ್ನುತ್ತದೆ. ಉತ್ತರದೇಶದಲ್ಲಿ ಹುಣ್ಣಿಮೆಗೂ ಕನ್ನಡನಾಡಿನಲ್ಲಿ ಅಮಾವಾಸ್ಯೆಗೂ ಮಾಸವು ಮುಗಿಯುವುದರಿಂದ ಹೆಸರು ಎರಡು, ದಿನ ಒಂದೇ. ವ್ರತಿಕರು ಸಂಶಯಪಡಬೇಕಾಗಿಲ್ಲ.

ಕ್ರಿ.ಪೂ. 527ರಲ್ಲಿ, ಚತುರ್ದಶಿಯ ರಾತ್ರಿ ಕಳೆಯುವ ಪ್ರತ್ಯೂಷಕಾಲದಲ್ಲಿ, ಸ್ವಾತಿ ನಕ್ಷತ್ರವಿರಲು ಭಗವಂತನು ಪಾವಾಪುರದಲ್ಲಿ ಸಿದ್ಧನಾದನು. ಆ ದಿನವೇ ಗೌತಮ ಗಣಧರರ ಘಾತಿಕರ್ಮಗಳು ಕ್ಷಯವಾಗಿ ಕೇವಲಜ್ಞಾನವು ಉದಿಸಿತು. ತಿಲೋಯಪಣ್ಣತ್ತಿಯು ಇಷ್ಟಕ್ಕೇ ನಿಲ್ಲುವುದಿಲ್ಲ. ಗೌತಮರು ಸಿದ್ಧರಾದ ದಿನವೇ ಸುಧರ್ಮಸ್ವಾಮಿಗಳು ಕೇವಲಿಗಳಾದರು. ಸುಧರ್ಮರು ಮುಕ್ತರಾದ ದಿನವೇ ಜಂಬೂಸ್ವಾಮಿಗಳು. ಹನ್ನೆರಡು, ಹನ್ನೆರಡು, ಮೂವತ್ತೆಂಟು, ಒಟ್ಟು 62 ವರ್ಷ ಆ ಜ್ಞಾನದೀಪವು ಒಂದು ದಿನವೂ ಆರಲಿಲ್ಲ. ಜಂಬೂಸ್ವಾಮಿಗಳ ತರುವಾಯ ಅನುಬದ್ಧ ಕೇವಲಿಗಳಿಲ್ಲ.

ಪರ್ವದ ದಿನವೇ ಹಿರಿಯರೊಬ್ಬರು ತೀರಿಕೊಂಡರೆ ಆ ಹಬ್ಬವನ್ನು ಮುಂದೆಂದೂ ಆಚರಿಸದೆ ಬಿಡುವ ರೂಢಿ ಕೆಲವು ಮನೆಗಳಲ್ಲುಂಟು. ದುಃಖವು ಸಹಜ, ಆ ರೂಢಿಗೆ ಮಾತ್ರ ಶಾಸ್ತ್ರದ ಆಧಾರವಿಲ್ಲ. ದೀಪಾವಳಿಯೇ ಗುರುವು ಅಗಲಿದ ದಿನವಲ್ಲವೇ? ಅಂದು ಪಾವಾಪುರದಲ್ಲಿ ದೀಪಗಳನ್ನು ಬೆಳಗಿದರೆಂದು ಕ್ರಿ.ಶ. 783ರ ಹರಿವಂಶಪುರಾಣದಲ್ಲಿ ಜಿನಸೇನಾಚಾರ್ಯರು ಹೇಳಿದ್ದಾರೆ. ಸೂತಕವಿರುವಷ್ಟು ದಿನ ಪೂಜೆಗೆ ತಡೆಯುಂಟು, ಮನಸ್ಸಿನಲ್ಲಿ ಪಂಚನಮಸ್ಕಾರವನ್ನು ಸ್ಮರಿಸಲು ತಡೆಯಿಲ್ಲ. ಮರುವರ್ಷ ಆ ಮನೆಯವರು ಚತುರ್ದಶಿಯಂದು ಉಪವಾಸವಿರಲಿ, ಅಶಕ್ತರು ಏಕಭುಕ್ತವನ್ನಾದರೂ ಮಾಡಲಿ. ಬೆಳಗಿನ ಜಾವ ಬಸದಿಯ ನಿರ್ವಾಣಪೂಜೆಗೆ ಬರಲಿ. ಸಂಜೆ ಹೊಸ್ತಿಲಲ್ಲಿ ಹಚ್ಚುವ ದೀಪವು ಗೌತಮಸ್ವಾಮಿಗಳದು.