ನೆಪಕ್ಕೂ ಕಾರಣಕ್ಕೂ ನಡುವೆ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಅಷ್ಟು ವರ್ಷಗಳಲ್ಲಿ ಎಷ್ಟು ಸಾವಿರ ನೆಪಗಳನ್ನು ಕೇಳಿದ್ದೇನೋ, ಅದನ್ನು ಮಾತ್ರ ಲೆಕ್ಕ ಇಟ್ಟಿಲ್ಲ. ಬಸ್ಸು ಕೆಟ್ಟು ನಿಂತಿತು, ಪುಸ್ತಕ ಮಳೆಯಲ್ಲಿ ನೆನೆಯಿತು, ಅಜ್ಜಿ ತೀರಿಕೊಂಡರು. ಒಬ್ಬ ಹುಡುಗನ ಅಜ್ಜಿಯಂತೂ ಒಂದೇ ವರ್ಷದಲ್ಲಿ ಮೂರು ಸಲ ತೀರಿಕೊಂಡಿದ್ದರು! ಹೀಗಾಗಿ, ಮುಖ ನೋಡಿದರೆ ಸಾಕು, ಯಾವುದು ನೆಪ ಯಾವುದು ಕಾರಣ ಎಂದು ಹೇಳಿಬಿಡುತ್ತೇನೆ ಎಂಬ ಸಣ್ಣದೊಂದು ಜಂಬ ನನಗಿತ್ತು. ಆ ಜಂಬ ಇಳಿದದ್ದು ಮೊನ್ನೆ ಮೊನ್ನೆ, ಒಂದು ದಂಡದ ದೆಸೆಯಿಂದ.

ನಿವೃತ್ತಿಯಾದ ಮೇಲೆ ಮೈಸೂರಿನಲ್ಲಿ ಮಗಳ ಜೊತೆ ಇದ್ದೇನೆ. ಬೆಳಿಗ್ಗೆ ಎಂಟೂವರೆಗೆಲ್ಲ ಮಗಳು ಕೆಲಸಕ್ಕೆ ಹೊರಡುತ್ತಾಳೆ. ಮೂರನೇ ತರಗತಿಯ ಮೊಮ್ಮಗಳನ್ನು ಶಾಲೆಗೆ ಬಿಡುವುದು, ಕರೆತರುವುದು ನನ್ನ ಪಾಲಿಗೆ ಬಂದ ಉದ್ಯೋಗ. ಐವತ್ತೆಂಟು ದಾಟಿದ ಮೇಲೆ ಕಾರು ಓಡಿಸುವುದನ್ನು ಕಲಿತವಳು ಎಂದು ಬಂಧುಬಳಗದಲ್ಲಿ ನನಗೊಂದು ಹೆಸರೂ ಇದೆ. ನಿಮ್ಮ ಮನೆಯಲ್ಲೂ ಶಾಲೆಗೆ ಹೋಗುವ ಮಕ್ಕಳಿದ್ದರೆ ಬೆಳಗಿನ ಆ ಮುಕ್ಕಾಲು ಗಂಟೆಯ ಅವಾಂತರವನ್ನು ವರ್ಣಿಸಬೇಕಾಗಿಲ್ಲ. ಒಂದು ಕಾಲಿಗೆ ಸಾಕ್ಸ್ ಸಿಕ್ಕರೆ ಇನ್ನೊಂದು ಕಾಲಿನದು ಸಿಗುವುದಿಲ್ಲ. ಜಡೆ ಹಾಕುತ್ತಿರುವಾಗಲೇ ಕುಕ್ಕರ್ ಕೂಗುತ್ತದೆ.

ಆ ದಿನ ಇದರ ಜೊತೆಗೆ ಸೌರವ್ಯೂಹ ಬೇರೆ ಇತ್ತು. ಥರ್ಮೋಕೋಲಿನಲ್ಲಿ ಮಾಡಿದ ಸೂರ್ಯ, ತಂತಿಗೆ ಸಿಕ್ಕಿಸಿದ ಎಂಟು ಗ್ರಹಗಳು. ಅದನ್ನು ಎರಡನೇ ಮಹಡಿಯ ತರಗತಿಯವರೆಗೆ ಆ ಮಗು ಒಬ್ಬಳೇ ಹೊತ್ತುಕೊಂಡು ಹೋಗಲಾರಳು. ಗೇಟಿನ ಪಕ್ಕದಲ್ಲೇ ಕಾರು ನಿಲ್ಲಿಸಿ ಜೊತೆಗೆ ಹೋದೆ. ಶನಿಯ ಬಳೆ ಕಳಚಿ ಬಿದ್ದು, ಅದನ್ನು ಅಂಟಿಸಿ, ಟೀಚರಿಗೆ ನಮಸ್ಕಾರ ಹೇಳಿ ಬರುವ ಹೊತ್ತಿಗೆ ಹತ್ತು ನಿಮಿಷ. ಸಂಜೆ ಮೊಬೈಲಿಗೆ ಸಂದೇಶ ಬಂತು. ನಿಲುಗಡೆ ನಿಷೇಧವಿರುವ ಜಾಗದಲ್ಲಿ ವಾಹನ ನಿಲ್ಲಿಸಿದ್ದಕ್ಕೆ ದಂಡ. ತಿಂಗಳ ಹಾಲಿನ ಬಾಬ್ತಿಗಿಂತ ಕಡಿಮೆಯೇ ಇತ್ತು. ಆದರೆ ಮೈಯೆಲ್ಲ ಉರಿದುಹೋಯಿತು. ದಿನವೂ ಅಲ್ಲಿ ಹತ್ತು ಕಾರು ನಿಂತಿರುತ್ತವೆ, ನನಗೊಬ್ಬಳಿಗೇ ಯಾಕೆ?

ಈ ಮಾತನ್ನು ನಾನು ಗಟ್ಟಿಯಾಗಿ ಹೇಳಿದಾಗ ಮಗಳು ನಕ್ಕಳು. "ಅಮ್ಮ, ಇದನ್ನೇ ನಿನ್ನ ಸ್ಟೂಡೆಂಟ್ಸ್ ಹೇಳ್ತಿದ್ರಲ್ಲ, ಎಲ್ಲರೂ ಮಾತಾಡ್ತಿದ್ರು ಮಿಸ್, ನನ್ನೊಬ್ಬಳನ್ನೇ ಯಾಕೆ ನಿಲ್ಲಿಸಿದ್ರಿ ಅಂತ" ಎಂದಳು.

ಪಕ್ಕದ ಮನೆಯಾಕೆ ಒಳ್ಳೆಯವರು. "ಟೀಚರೇ, ನಮ್ಮ ಭಾವನ ಕಡೆಯೋರೊಬ್ರು ಇಲಾಖೆಯಲ್ಲಿದ್ದಾರೆ, ಒಂದು ಫೋನ್ ಮಾಡಿಸ್ತೀನಿ" ಎಂದರು. ಬೇಡವೆಂದೆ. ಫೋನಿನಲ್ಲಿ ಕರಗುವ ದಂಡ, ಫೋನು ಮಾಡಿಸಲು ಭಾವನಿಲ್ಲದವರ ಮೇಲೆ ಮಾತ್ರ ಉಳಿಯುತ್ತದೆ. "ಹಾಗಾದ್ರೆ ಸುಮ್ನಿದ್ದುಬಿಡಿ, ಯಾವಾಗಲಾದ್ರೂ ಅರ್ಧ ರಿಯಾಯಿತಿ ಬಿಡ್ತಾರೆ" ಎಂದು ಎರಡನೇ ಉಪಾಯ ಸೂಚಿಸಿದರು. ಅದು ಸುಳ್ಳೇನಲ್ಲ. ೨೦೨೩ರ ಫೆಬ್ರವರಿಯಲ್ಲಿ ಬಾಕಿ ಇದ್ದ ಸಂಚಾರ ದಂಡಗಳಿಗೆ ಸರ್ಕಾರ ಅರ್ಧದಷ್ಟು ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ನಿಂತು ನೂರು ಕೋಟಿ ರೂಪಾಯಿಗೂ ಮೀರಿ ಕಟ್ಟಿದ್ದರು. ಆಷಾಢದ ಸೀರೆ ರಿಯಾಯಿತಿಗೆ ಕಾಯುವ ಹಾಗೆ ತಪ್ಪಿನ ರಿಯಾಯಿತಿಗೂ ಕಾಯಬಹುದು!

ಎರಡೂ ಬೇಡ, ನೇರವಾಗಿ ಮನವಿ ಬರೆಯುತ್ತೇನೆ ಎಂದು ಹಟ ಹಿಡಿದೆ. ವಿಚಾರಿಸಿದಾಗ ತಿಳಿದದ್ದು ಇಷ್ಟು. ೧೯೮೮ರ ಮೋಟಾರು ವಾಹನ ಕಾಯಿದೆಯ ೨೦೦ನೇ ಕಲಮಿನ ಪ್ರಕಾರ ಇಂಥ ಸಣ್ಣ ತಪ್ಪುಗಳನ್ನು ಗೊತ್ತುಪಡಿಸಿದ ಮೊತ್ತ ಕಟ್ಟಿ ರಾಜಿಯಲ್ಲಿ ಮುಗಿಸಿಕೊಳ್ಳಬಹುದು. ಒಪ್ಪದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ ನಮ್ಮ ವಾದ ಹೇಳಬಹುದು. ನನಗೆ ಈ ವ್ಯವಸ್ಥೆ ಹಿಡಿಸಿತು. ದಂಡ ಹಾಕುವವರು ಇದ್ದಮೇಲೆ, "ಇದು ಸರಿಯಲ್ಲ" ಎಂದು ಹೇಳಿಕೊಳ್ಳಲು ಒಂದು ಬಾಗಿಲೂ ಇರಬೇಕು. ಮೊದಲು ಠಾಣೆಗೊಂದು ಮನವಿ ಕೊಡೋಣ, ಆಮೇಲೆ ಕೋರ್ಟು ಎಂದುಕೊಂಡು ಕನ್ನಡಕ ಏರಿಸಿ ಕುಳಿತೆ.

ಮೊದಲನೆಯ ಕಾರಣ: ಗೇಟಿನ ಬಳಿಯ ನಿಷೇಧ ಫಲಕದ ಮೇಲೆ ಯಾರೋ ನಾಯಕರ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿದ್ದಾರೆ, ಅದು ಕಾಣುವುದಿಲ್ಲ. ಎರಡನೆಯದು: ಮಗುವಿನ ಕೈಯಲ್ಲಿ ಹೊರಲಾರದ ಮಾದರಿ ಇತ್ತು, ಬೇರೆ ದಾರಿಯಿರಲಿಲ್ಲ. ಮೂರನೆಯದು: ನಾನು ಹಿರಿಯ ನಾಗರಿಕಳು, ನಿವೃತ್ತ ಶಿಕ್ಷಕಿ, ಇದುವರೆಗೆ ಒಂದು ದಂಡವನ್ನೂ ಕಟ್ಟಿದವಳಲ್ಲ, ದಯವಿಟ್ಟು ಮನ್ನಿಸಬೇಕು.

ಬರೆದು ಮುಗಿಸಿ, ಉತ್ತರಪತ್ರಿಕೆ ತಿದ್ದುವ ಹಳೆಯ ಚಾಳಿಯಿಂದ ಓದಿಕೊಂಡಾಗ ಹೆಜ್ಜೆಗಳು ಕೂಡಿಬರಲಿಲ್ಲ. ಮೊದಲನೆಯ ವಾಕ್ಯ "ನಾನು ತಪ್ಪೇ ಮಾಡಿಲ್ಲ" ಎನ್ನುತ್ತದೆ. ಎರಡನೆಯದು "ಮಾಡಿದ್ದೇನೆ, ಆದರೆ ಮಾಡಲೇಬೇಕಾಗಿತ್ತು" ಎನ್ನುತ್ತದೆ. ಮೂರನೆಯದು "ಮಾಡಿದ್ದೇನೆ, ಆದರೂ ಬಿಟ್ಟುಬಿಡಿ" ಎನ್ನುತ್ತದೆ. ಒಂದು ನ್ಯಾಯ ಕೇಳುತ್ತದೆ, ಒಂದು ವಿನಾಯಿತಿ ಕೇಳುತ್ತದೆ, ಮತ್ತೊಂದು ದಯೆ ಕೇಳುತ್ತದೆ. ಮೂರನ್ನೂ ಒಟ್ಟಿಗೆ ಕೇಳುವವಳಿಗೆ ಯಾವುದರಲ್ಲೂ ನಂಬಿಕೆಯಿಲ್ಲ ಎಂದೇ ಅರ್ಥ. ಫ್ಲೆಕ್ಸ್ ಇದ್ದದ್ದು ನಿಜ. ಆದರೆ ಅದನ್ನು ಕಟ್ಟಿ ಎರಡು ವಾರವಾಗಿತ್ತಷ್ಟೆ. ಅದರ ಕೆಳಗೆ ಫಲಕವಿದೆ ಎಂದು ನನಗೆ ಎರಡು ವರ್ಷದಿಂದ ಗೊತ್ತಿತ್ತು. ನಾನು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೂ ಅದು ಸತ್ಯವಾಗಿರಲಿಲ್ಲ.

ಇಷ್ಟಾದರೂ ಹಟ ಬಿಡಲಿಲ್ಲ. ಸಾಕ್ಷಿಗಿರಲಿ ಎಂದು ಮರುದಿನ ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಫಲಕದ ಫೋಟೋ ತೆಗೆಯಲು ಎದುರಿನ ಕಾಲುದಾರಿಯಲ್ಲಿ ನಿಂತೆ. ಎರಡು ವರ್ಷದಿಂದ ದಿನಕ್ಕೆರಡು ಸಲ ಆ ರಸ್ತೆಗೆ ಬರುತ್ತಿದ್ದರೂ ಆ ಬದಿಯಲ್ಲಿ ನಿಂತು ನೋಡಿದ್ದು ಅದೇ ಮೊದಲು. ಗಂಟೆ ಹೊಡೆಯಿತು. ಗೇಟಿನಿಂದ ಮಕ್ಕಳು ಬರುತ್ತಿರುವುದು ನನಗೆ ಕೇಳಿಸುತ್ತಿತ್ತು, ಕಾಣಿಸುತ್ತಿರಲಿಲ್ಲ. ಸಾಲಾಗಿ ನಿಂತ ಕಾರುಗಳ ಹಿಂದೆ ಮಕ್ಕಳ ತಲೆಗಳೂ ಮುಚ್ಚಿಹೋಗಿದ್ದವು. ಎರಡು ಕಾರುಗಳ ಸಂದಿಯಿಂದ ಪುಟ್ಟ ಹುಡುಗನೊಬ್ಬ ಬಾಣದಂತೆ ನುಗ್ಗಿದ. ಆಟೋದವನು ಬ್ರೇಕು ಒತ್ತಿದ ಸದ್ದಿಗೆ ನನ್ನ ಕೈಯಿಂದ ಮೊಬೈಲು ಜಾರಿತು. ಹುಡುಗನಿಗೆ ಏನೂ ಆಗಲಿಲ್ಲ. ಆಟೋದವನೇ ಬೆವರು ಒರೆಸಿಕೊಂಡು, ಕೆಳಗಿಳಿದು ಅವನನ್ನು ರಸ್ತೆ ದಾಟಿಸಿದ. ಹುಡುಗ ನುಗ್ಗಿ ಬಂದ ಸಂದಿ ಇದ್ದದ್ದು ನಾನು ದಿನವೂ ಕಾರು ನಿಲ್ಲಿಸುವ ಜಾಗದಲ್ಲಿ.

ಮನೆಗೆ ಬಂದು ಹುಡುಕಿ ಓದಿದೆ. ೧೯೮೯ರ ರಸ್ತೆ ನಿಯಮಗಳಲ್ಲೇ, ವಾಹನ ನಿಲ್ಲಿಸಬಾರದ ಜಾಗಗಳ ಪಟ್ಟಿಯಲ್ಲಿ ಬಸ್ ನಿಲ್ದಾಣ, ಆಸ್ಪತ್ರೆಯ ಬಾಗಿಲುಗಳ ಜೊತೆಗೆ ಶಾಲೆಯ ಬಾಗಿಲನ್ನೂ ಹೆಸರಿಸಿದ್ದರು. ಅಂದರೆ ಫಲಕ ಕಾಣದಿದ್ದರೂ ಶಾಲೆ ಕಾಣುತ್ತಿತ್ತು. ಆ ಪಟ್ಟಿ ಮಾಡಿದವರು ನನ್ನನ್ನು ಪೀಡಿಸಲು ಮಾಡಿರಲಿಲ್ಲ, ಆ ಹುಡುಗನ ಎತ್ತರ ಎಷ್ಟೆಂದು ಯೋಚಿಸಿ ಮಾಡಿದ್ದರು.

ಹಾಗಾದರೆ ದಂಡ ಕಟ್ಟಿಬಿಟ್ಟರೆ ಮುಗಿಯಿತೇ? ಈ ಪ್ರಶ್ನೆ ಬಂದಾಗ ಹಿಂದೆಂದೋ ಓದಿದ್ದು ನೆನಪಾಯಿತು. ಇಸ್ರೇಲಿನ ಹೈಫಾ ನಗರದಲ್ಲಿ ಸಂಜೆ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಾಯ್ತಂದೆಯರಿಗೆ ಕೆಲವು ಶಿಶುವಿಹಾರಗಳು ದಂಡ ಹಾಕಿ ನೋಡಿದವು. ಯೂರಿ ಗ್ನೀಜಿ ಮತ್ತು ಆಲ್ಡೊ ರುಸ್ತಿಚಿನಿ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ೨೦೦೦ದಲ್ಲಿ ಪ್ರಕಟಿಸಿದರು. ದಂಡ ಬಂದ ಮೇಲೆ ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚಾದರು! ಮೊದಲು ತಮಗಾಗಿ ಕಾಯುತ್ತಿರುವ ಟೀಚರಿನ ಮುಖ ನೆನೆದು ಓಡಿ ಬರುತ್ತಿದ್ದವರು, ಈಗ ದುಡ್ಡು ಕೊಡುತ್ತೇವಲ್ಲ ಎಂದು ನಿಧಾನವಾಗಿ ಬಂದರು. ದಂಡವನ್ನು ತೆಗೆದುಹಾಕಿದ ಮೇಲೂ ಆ ಹಳೆಯ ಸಂಕೋಚ ಮರಳಲಿಲ್ಲ. ದಂಡವು ಬೆಲೆಯಾಗಿಬಿಟ್ಟರೆ ತಪ್ಪು ಸಾಮಾನಾಗುತ್ತದೆ, ಕೈಯಲ್ಲಿ ಕಾಸಿದ್ದವರು ಕೊಂಡುಕೊಳ್ಳುತ್ತಾರೆ. ಅರ್ಧ ರಿಯಾಯಿತಿಗೆ ಕಾಯುವುದೂ ಇದೇ ಬಗೆಯದು. ಹೋರಾಡಿ ದಂಡ ತಪ್ಪಿಸಿಕೊಳ್ಳುವವಳಿಗೂ ತಕ್ಷಣ ದುಡ್ಡೆಸೆದು ಮರೆಯುವವಳಿಗೂ ಒಂದು ಸಾಮ್ಯವಿದೆ. ಇಬ್ಬರಿಗೂ ಆ ಹುಡುಗ ಕಾಣುವುದಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ನಿದ್ದೆ ಕೆಡಿಸಿದ್ದು ಆ ಹುಡುಗನೂ ಅಲ್ಲ, ಬೇರೊಬ್ಬಳು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ತಾಲ್ಲೂಕಿನ ಶಾಲೆಯಲ್ಲಿ, ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮೂರು ವಾರ ಸತತವಾಗಿ ಹತ್ತು ನಿಮಿಷ ತಡವಾಗಿ ಬಂದಳು. ಕೇಳಿದರೆ, "ಅಮ್ಮ ಬೇಗ ಕೂಲಿಗೆ ಹೋಗ್ತಾರೆ ಮಿಸ್, ತಮ್ಮನ್ನ ಅಂಗನವಾಡಿಗೆ ಬಿಟ್ಟು ಬರ್ಬೇಕು" ಎಂದಳು. "ಎಲ್ಲರ ಮನೆಯಲ್ಲೂ ತಮ್ಮಂದಿರಿದ್ದಾರೆ" ಎಂದು ನಾನು ಹೇಳಿದೆ. ಬಾಗಿಲ ಹೊರಗೆ ನಿಲ್ಲಿಸಿದೆ. ಬೀಜಗಣಿತದ ಒಂದು ಇಡೀ ಅಧ್ಯಾಯವನ್ನು ಅವಳು ಬಾಗಿಲಿನಾಚೆಯಿಂದ ಕೇಳಿಸಿಕೊಂಡಳು. ಒಂದು ದಿನವೂ ವಾದಿಸಲಿಲ್ಲ. ವಾದಿಸಿದ್ದರೂ ಕೇಳುವವರು ಯಾರಿದ್ದರು? ದೂರು ಕೊಟ್ಟವಳೂ ನಾನೇ, ತೀರ್ಪು ಕೊಟ್ಟವಳೂ ನಾನೇ. ನನಗೆ ಠಾಣೆಯಿದೆ, ಕೋರ್ಟಿದೆ, ಪಕ್ಕದ ಮನೆಯಾಕೆಯ ಭಾವನೂ ಇದ್ದಾರೆ. ಅವಳಿಗೆ ಒಂದು ಬಾಗಿಲಿತ್ತು, ಅದರ ಹೊರಗೆ ನಾನು ಅವಳನ್ನು ನಿಲ್ಲಿಸಿದ್ದೆ.

ಅವಳೂ ನನ್ನಂತೆಯೇ ಮಗುವನ್ನು ಶಾಲೆಗೆ ಬಿಟ್ಟು ಬರುತ್ತಿದ್ದವಳು. ಕಾರಿನಲ್ಲಲ್ಲ, ಸೊಂಟದ ಮೇಲೆ ಹೊತ್ತು. ಅವಳದೂ ಹತ್ತು ನಿಮಿಷ, ನನ್ನದೂ ಹತ್ತು ನಿಮಿಷ. ಆದರೆ ಅವಳದು ಕಾರಣವಾಗಿತ್ತು, ನನ್ನದು ನೆಪ. ವ್ಯತ್ಯಾಸ ಎಲ್ಲಿದೆ ಎಂದು ಹೊರಳಾಡುತ್ತ ಯೋಚಿಸಿದೆ. ನನಗೆ ಹೊಳೆದ ಪರೀಕ್ಷೆ ಇದು: ನಮ್ಮ ತಪ್ಪಿನಿಂದ ಯಾರಿಗೆ ಕಷ್ಟವಾಯಿತೋ ಅವರ ಮುಖ ನೋಡಿ ಆ ಮಾತನ್ನು ಹೇಳಲು ಸಾಧ್ಯವೇ? ಆ ಹುಡುಗಿ ತನ್ನ ಮಾತನ್ನು ಇಡೀ ತರಗತಿಯ ಎದುರು ಹೇಳಬಹುದಿತ್ತು, ಯಾರೂ ತಪ್ಪೆನ್ನುತ್ತಿರಲಿಲ್ಲ. "ಶನಿಗ್ರಹದ ಬಳೆ ಬಿದ್ದುಹೋಗಿತ್ತು, ಅದಕ್ಕೇ ಅಡ್ಡ ನಿಲ್ಲಿಸಿದ್ದೆ" ಎಂದು ಆ ಪುಟ್ಟ ಹುಡುಗನ ತಾಯಿಗೆ ನಾನು ಹೇಳಬಲ್ಲೆನೇ?

ನಮ್ಮ ಪುಣ್ಯಕೋಟಿಯ ಕಥೆ ಎಲ್ಲರಿಗೂ ಗೊತ್ತು. ಅವಳೂ ಹುಲಿಯ ಮುಂದೆ ಮನವಿ ಸಲ್ಲಿಸಿದವಳೇ, ಅದೂ ಮಗುವಿನ ಸಲುವಾಗಿಯೇ. ಆದರೆ ಅವಳು ಕೇಳಿದ್ದು ಬಿಡುಗಡೆಯನ್ನಲ್ಲ, ಸ್ವಲ್ಪ ಸಮಯವನ್ನು. ಕರುವಿಗೆ ಹಾಲೂಡಿಸಿ ಬರುವಷ್ಟು. ಮತ್ತೆ ಹಿಂದಿರುಗಿ ಬಂದಳು. ಸಣ್ಣವಳಿದ್ದಾಗ ಈ ಕಥೆಯಲ್ಲಿ ಹಸುವಿನ ಸತ್ಯವೊಂದೇ ನನಗೆ ದೊಡ್ಡದಾಗಿ ಕಂಡಿತ್ತು. ಈಗ ಹುಲಿಯ ಕೆಲಸವೂ ಸಣ್ಣದಲ್ಲ ಎನಿಸುತ್ತದೆ. ಹಸಿದು ಕೂತಿದ್ದರೂ ಅದು ಅವಳ ಮಾತನ್ನು ಕೇಳಿತು. ನಾನು ಆ ಹುಡುಗಿಯ ಮಾತನ್ನು ಅಷ್ಟೂ ಕೇಳಲಿಲ್ಲ.

ಮರುದಿನ ಠಾಣೆಗೆ ಹೋದೆ. ದಂಡ ಕಟ್ಟಿ ರಸೀದಿ ಪಡೆದೆ. ಆಮೇಲೆ ಚೀಲದಿಂದ ಇನ್ನೊಂದು ಕಾಗದ ತೆಗೆದು ಕೊಟ್ಟೆ. ಅದರಲ್ಲಿ ನನ್ನ ವಯಸ್ಸು, ನನ್ನ ಉದ್ಯೋಗ, ಸೌರವ್ಯೂಹ ಯಾವುದೂ ಇರಲಿಲ್ಲ. ಫಲಕಕ್ಕೆ ಅಡ್ಡವಾಗಿ ಕಟ್ಟಿರುವ ಫ್ಲೆಕ್ಸ್ ತೆಗೆಸಬೇಕು, ಹೊಸದಾಗಿ ಬರುವವರಿಗೆ ನಿಜವಾಗಿಯೂ ಗೊತ್ತಾಗುವುದಿಲ್ಲ, ಶಾಲೆ ಬಿಡುವ ವೇಳೆ ಅರ್ಧ ಗಂಟೆ ಅಲ್ಲೊಬ್ಬ ಸಿಬ್ಬಂದಿ ಇರಬೇಕು ಎಂದಷ್ಟೇ ಬರೆದಿದ್ದೆ. ಅಲ್ಲಿದ್ದ ಹೆಣ್ಣುಮಗಳು ಎರಡು ಸಲ ಓದಿ, "ದಂಡ ಮಾಫಿ ಮಾಡಿ ಅಂತ ಎಲ್ಲೂ ಬರ್ದೇ ಇಲ್ವಲ್ಲ ಅಮ್ಮಾ?" ಎಂದು ಕೇಳಿದರು. "ಅದನ್ನ ಕಟ್ಟಾಯ್ತಲ್ಲಮ್ಮ" ಎಂದೆ. ಅವರು ಮುದ್ರೆ ಒತ್ತಿ ಪ್ರತಿ ಕೊಟ್ಟರು.

ಈಗ ನಾವು ಹತ್ತು ನಿಮಿಷ ಮೊದಲು ಹೊರಡುತ್ತೇವೆ. ಮೈದಾನದ ಪಕ್ಕ ಕಾರು ನಿಲ್ಲಿಸಿ ನಡೆಯುತ್ತೇವೆ. ಮೊದಲೆರಡು ದಿನ ಮೊಮ್ಮಗಳು ಗೊಣಗಿದಳು, ಈಗ ದಾರಿಯಲ್ಲಿ ಮಗ್ಗಿ ಹೇಳಿಸುತ್ತೇನೆಂದು ಗೊಣಗುತ್ತಾಳೆ. ಒಂದು ದಿನ ಕೈ ಹಿಡಿದು ನಡೆಯುತ್ತಿದ್ದಾಗ, "ಅಜ್ಜಿ, ಪೊಲೀಸ್ ಹತ್ರ ನೀನು ಗೆದ್ಯಾ, ಸೋತ್ಯಾ?" ಎಂದು ಕೇಳಿದಳು. "ಸೋತೆ ಪುಟ್ಟಿ, ಆದ್ರೆ ತಡವಾಗಿ ಸೋತೆ" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾಗಬೇಕಾಗಿದ್ದವಳು ಬೇರೆ. ಅವಳೀಗ ಐವತ್ತರ ಹೆಂಗಸಾಗಿರಬೇಕು. ಎಲ್ಲಿದ್ದಾಳೋ, ಯಾವ ಮಗುವನ್ನು ಯಾವ ಶಾಲೆಗೆ ಬಿಡುತ್ತಿದ್ದಾಳೋ.

ಫ್ಲೆಕ್ಸನ್ನು ಎರಡು ವಾರದ ಮೇಲೆ ತೆಗೆದರು. ಫಲಕ ಈಗ ಚೆನ್ನಾಗಿ ಕಾಣುತ್ತದೆ. ಇವತ್ತು ಬೆಳಿಗ್ಗೆಯೂ ಅದರ ಕೆಳಗೆ ಎರಡು ಕಾರು ನಿಂತಿದ್ದವು. ಒಂದರಿಂದ ಇಳಿದ ತಾಯಿ, ಕೈಯಲ್ಲೊಂದು ದೊಡ್ಡ ರಟ್ಟಿನ ಮನೆ ಹಿಡಿದುಕೊಂಡು, "ಐದೇ ನಿಮಿಷ ಆಂಟಿ" ಎಂದು ನನಗೆ ಹೇಳಿ ಒಳಗೆ ಓಡಿದಳು. ಬೈಯುವ ಬಾಯಿ ಬರಲಿಲ್ಲ. ಅವಳು ಬರುವವರೆಗೆ ಆ ಎರಡು ಕಾರುಗಳ ಸಂದಿಯಲ್ಲಿ ಸುಮ್ಮನೆ ನಿಂತಿದ್ದೆ.