ಕೆಳಗೆ ನಿಂತವರ ಕಣ್ಣು

ಗೆಲ್ಲುವವರ ಪರ ಯಾರ ಗಂಟಲಾದರೂ ತಾನಾಗಿಯೇ ತೆರೆಯುತ್ತದೆ. ಸೋಲುತ್ತಿರುವವರ ಪರ ಕೂಗಲು ಎದೆಗಾರಿಕೆ ಬೇಕು. 1898ರ ನವೆಂಬರ್‌ನಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಸೋಲಿನ ಮೇಲೆ ಸೋಲುಂಡು ಕಂಗೆಟ್ಟಿತ್ತು. ಜಾನಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿ ಎದ್ದುಬಂದು ಪ್ರೇಕ್ಷಕರ ಮುಂದೆ ನಿಂತ. ನೂರಾರು ದನಿಗಳನ್ನು ಒಂದೇ ಲಯಕ್ಕೆ ತಂದ. ಆ ದಿನ ಮಿನ್ನೆಸೋಟ ಗೆದ್ದಿತು. ಚಿಯರ್‌ಲೀಡಿಂಗ್‌ನ ಹುಟ್ಟನ್ನು ಅಲ್ಲಿಂದಲೇ ಎಣಿಸುತ್ತಾರೆ.

ಮೊದಮೊದಲು ಇದು ಗಂಡಸರದೇ ಕೆಲಸ. ಮೊಣಕಾಲಿಗೆ ಪೆಟ್ಟಾಗಿ ಫುಟ್‌ಬಾಲ್ ಬಿಡಬೇಕಾದ ಐಸೆನ್‌ಹೋವರ್, ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಚಿಯರ್‌ಲೀಡರ್ ಆದರು. ಮುಂದೆ ದೇಶದ ಅಧ್ಯಕ್ಷರೂ ಆದರು. ತಾನು ಆಡಲಾರದ ಆಟದ ಅಂಚಿನಲ್ಲಿ ನಿಂತು ಆಡುವವರಿಗೆ ಬಲ ತುಂಬಿದ ಆ ತರುಣನನ್ನು ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ. 1920ರ ದಶಕದಲ್ಲಿ ಹೆಣ್ಣುಮಕ್ಕಳು ಸೇರಿಕೊಂಡರು. ಎರಡನೇ ಮಹಾಯುದ್ಧಕ್ಕೆ ಹುಡುಗರು ಹೊರಟುಹೋದಾಗ ಈ ಕೆಲಸ ಬಹುಮಟ್ಟಿಗೆ ಹೆಣ್ಣುಮಕ್ಕಳದೇ ಆಯಿತು.

ನಮ್ಮಲ್ಲಿ ಅನೇಕರು ಚಿಯರ್‌ಲೀಡರ್‌ಗಳನ್ನು ಮೊದಲು ಕಂಡದ್ದು 2008ರ ಏಪ್ರಿಲ್‌ನಲ್ಲಿ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಶುರುವಾದಾಗ. ಬೌಂಡರಿಯಾಚೆಯ ಆ ಕುಣಿತ ಈ ಮರದ ಒಂದು ಕೊಂಬೆ ಮಾತ್ರ. ಇನ್ನೊಂದು ಕೊಂಬೆ ಸ್ಪರ್ಧೆಯದು. ಅಲ್ಲಿ ಬೇರೆ ತಂಡಕ್ಕಾಗಿ ಕೂಗುವುದಿಲ್ಲ, ತಾವೇ ಆಡುತ್ತಾರೆ.

ಅಲ್ಲಿನ ಬಾಸ್ಕೆಟ್ ಟಾಸ್ ಎಂಬ ಒಂದು ವರಸೆಯನ್ನು ಗಮನವಿಟ್ಟು ನೋಡಬೇಕು. ಇಬ್ಬರು ಎದುರುಬದುರು ನಿಂತು ಮಣಿಕಟ್ಟಿಗೆ ಮಣಿಕಟ್ಟು ಹೆಣೆಯುತ್ತಾರೆ. ಆ ಹೆಣಿಗೆಯ ಮೇಲೆ ಒಬ್ಬಳು ಪಾದವೂರುತ್ತಾಳೆ. ಎಣಿಕೆ ಮುಗಿದದ್ದೇ ಎಲ್ಲರ ಮೊಣಕಾಲೂ ಒಟ್ಟಿಗೆ ಬಗ್ಗಿ ಒಟ್ಟಿಗೆ ಚಿಮ್ಮುತ್ತವೆ. ಅವಳು ಗಾಳಿಯಲ್ಲಿ ತಿರುಗಿ, ಮೈಚಾಚಿ, ಮತ್ತೆ ಅದೇ ತೋಳುಗಳಿಗೆ ಬೀಳುತ್ತಾಳೆ. ಅಷ್ಟು ಹೊತ್ತೂ ಅವಳ ಮುಖ ನಗುತ್ತಿರುತ್ತದೆ. ಅವಳನ್ನು ಕಾಯಲೆಂದೇ ಹಿಂದೆ ನಿಂತ ಸ್ಪಾಟರ್ ಮಾತ್ರ ಅವಳಿಂದ ಕಣ್ಣು ಕೀಳುವುದಿಲ್ಲ. ಚಪ್ಪಾಳೆ ಮೇಲಿರುವವಳಿಗೆ, ಅವಳ ಕುತ್ತಿಗೆ, ಬೆನ್ನೆಲುಬಿನ ಹೊಣೆ ಕೆಳಗಿನವರಿಗೆ.

ಇಷ್ಟಿದ್ದೂ ಇದು ಆಟವೇ ಎಂಬ ಪ್ರಶ್ನೆ ಬಹುಕಾಲ ಕಾಡಿತು. ಕನೆಕ್ಟಿಕಟ್‌ನ ಒಂದು ವಿಶ್ವವಿದ್ಯಾಲಯ ಹೆಣ್ಣುಮಕ್ಕಳ ವಾಲಿಬಾಲ್ ತಂಡವನ್ನು ಕೈಬಿಟ್ಟು ಚಿಯರ್‌ಲೀಡಿಂಗ್ ತಂಡ ಕಟ್ಟಲು ಹೊರಟಾಗ, ಸಮಾನ ಅವಕಾಶದ ಕಾನೂನಿನಡಿ ಇದನ್ನು ಇನ್ನೂ ಕ್ರೀಡೆಯೆಂದು ಎಣಿಸಲಾಗದು ಎಂದು 2010ರಲ್ಲಿ ನ್ಯಾಯಾಲಯ ಹೇಳಿತು. ಒಬ್ಬರ ಅವಕಾಶ ಕಿತ್ತು ಇನ್ನೊಬ್ಬರಿಗೆ ಕೊಡಬಾರದೆಂಬ ಮಟ್ಟಿಗೆ ಆ ತೀರ್ಪು ಸರಿಯೇ. ಆದರೆ ಅಭ್ಯಾಸದಲ್ಲಿ ಬಿದ್ದು ತಲೆಗೆ ಏಟು ಮಾಡಿಕೊಳ್ಳುವ ಹುಡುಗಿಯ ಗತಿ? 2012ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೇಳಿದ್ದು ಇದನ್ನೇ: ಇದನ್ನು ಕ್ರೀಡೆಯೆಂದು ಒಪ್ಪಿ, ಉಳಿದ ಆಟಗಾರರಿಗೆ ಸಿಗುವ ನುರಿತ ಕೋಚ್, ವೈದ್ಯಕೀಯ ನೆರವು, ಸುರಕ್ಷಿತ ಅಭ್ಯಾಸದ ಜಾಗ ಇವರಿಗೂ ಸಿಗಲಿ.

2021ರ ಜುಲೈನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಈ ಕ್ರೀಡೆಯ ಜಾಗತಿಕ ಒಕ್ಕೂಟಕ್ಕೆ ಪೂರ್ಣ ಮಾನ್ಯತೆ ಕೊಟ್ಟಿತು. ಒಲಿಂಪಿಕ್ಸ್ ಪದಕದ ಪಟ್ಟಿಗೆ ಮಾತ್ರ ಇದಿನ್ನೂ ಸೇರಿಲ್ಲ.