ಮಾಲೆ ತೆಗೆದ ಮೇಲೆ ಕೆಟ್ಟ ನಿದ್ದೆ

ಹಿರಿಯ ಸ್ವಾಮಿಗಳು ತಪ್ಪಿದ್ದರೆ ತಿದ್ದಬೇಕು.

ವ್ರತದ 41 ದಿನ ರಾತ್ರಿ ಒಂಬತ್ತೂವರೆಗೆ ಚಾಪೆ ಹಾಸಿ ಮಲಗುತ್ತಿದ್ದೆ. ನಾಲ್ಕೂವರೆಗೆ ಎದ್ದು ಪುಣೆಯ ಡಿಸೆಂಬರ್ ಚಳಿಯಲ್ಲಿ ತಣ್ಣೀರು ಸುರಿದುಕೊಳ್ಳುತ್ತಿದ್ದೆ. ಒಂದು ದಿನವೂ ತಪ್ಪಿಸಲಿಲ್ಲ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ನಾಲ್ಕನೇ ರಾತ್ರಿ ಗಡಿಯಾರ ನೋಡಿದರೆ ಒಂದೂವರೆ. ಕೈಯಲ್ಲಿ ಮೊಬೈಲ್, ಒಂದಾದ ಮೇಲೊಂದು ರೀಲ್ಸ್. ಶಿಫ್ಟ್ ಬದಲಾಗಿರಲಿಲ್ಲ, ಕೆಲಸ ಹೆಚ್ಚಾಗಿರಲಿಲ್ಲ. ಹಾಗಾದರೆ ಆ ಶಿಸ್ತು ನನ್ನದಾಗಿತ್ತೇ, ಮಾಲೆಯದಾಗಿತ್ತೇ?

ನನ್ನ ಪರವಾಗಿ ಒಂದು ವಾದವಿದೆ, ಅದನ್ನು ಸುಮ್ಮನೆ ತಳ್ಳಿಹಾಕುವುದು ಸರಿಯಲ್ಲ. ನಾನು ಐಟಿ ಸಪೋರ್ಟ್‌ನಲ್ಲಿದ್ದೇನೆ. ದಿನವಿಡೀ ಇನ್ನೊಬ್ಬರ ಪಾಸ್‌ವರ್ಡ್, ಪ್ರಿಂಟರ್, ವಿಪಿಎನ್. ಊಟದ ಹೊತ್ತೂ ಟಿಕೆಟ್ ನೋಡಿಕೊಂಡೇ. ರಾತ್ರಿ ಹತ್ತರ ನಂತರದ ಎರಡು ಮೂರು ಗಂಟೆಯಷ್ಟೇ ನನ್ನದು ಅನ್ನಿಸುತ್ತದೆ. ಅದನ್ನೂ ನಿದ್ದೆಗೆ ಕೊಟ್ಟರೆ ನನಗೇನು ಉಳಿಯಿತು? ನನ್ನ ನಿದ್ದೆ ನಾನು ಕೆಡಿಸಿಕೊಂಡರೆ ಯಾರಿಗೇನು ನಷ್ಟ?

ನಷ್ಟ ಯಾರಿಗೆಂದು ಮರುದಿನ ಬೆಳಗಿನ ಜಾವ ಗೊತ್ತಾಯಿತು. ನನ್ನ ರೂಮಿನಲ್ಲಿರುವ ಅಣ್ಣ ಜಮಖಂಡಿ ಕಡೆಯವರು, ಕ್ಯಾಬ್ ಓಡಿಸುತ್ತಾರೆ. ಮೂರೂವರೆಗೆ ಎದ್ದು ಏರ್‌ಪೋರ್ಟ್ ಟ್ರಿಪ್‌ಗೆ ಹೋಗಬೇಕು. ನೀರು ಕುಡಿಯಲು ಎದ್ದು ಹೋದೆ, ಅವರು ಅಡುಗೆಮನೆಯಲ್ಲಿ ಸಿಲಿಂಡರ್ ಪಕ್ಕ ಚಾಪೆ ಹಾಕಿಕೊಂಡು ಕೂತಿದ್ದರು. ಇಲ್ಲೇಕೆ ಮಲಗಿದ್ರಿ ಅಣ್ಣ ಅಂದೆ.

"ನಿನ್ನ ವ್ರತಾ ಮುಗಿತು ತಮ್ಮಾ. ನನ್ನ ಡ್ಯೂಟಿ ಮುಗದಿಲ್ಲಲಾ."

ಸಿಟ್ಟಿನಿಂದ ಹೇಳಿದ್ದಲ್ಲ. ಆಗ ನೆನಪಾಯಿತು: ವ್ರತದ ದಿನಗಳಲ್ಲಿ ಒಂಬತ್ತೂವರೆಗೆ ನಾನು ಮಲಗುವ ಮೊದಲೇ ಅವರು ತಮ್ಮ ಫೋನ್ ಸೈಲೆಂಟ್ ಮಾಡುತ್ತಿದ್ದರು, ಟ್ಯೂಬ್‌ಲೈಟ್ ಆರಿಸುತ್ತಿದ್ದರು. "ಸ್ವಾಮಿ ಮಲಗ್ಯಾರ" ಎಂದು ಬಾಗಿಲಾಚೆ ನಿಂತು ಮಾತಾಡುತ್ತಿದ್ದರು. ಮಾಲೆ ಹಾಕಿದವನು ನಾನು, ಆದರೆ ನನ್ನ ನಿದ್ದೆ ಕಾದವರು ಅವರು. 41 ದಿನ ಇನ್ನೊಬ್ಬರಿಂದ ಪಡೆದದ್ದನ್ನು ನಾಲ್ಕು ದಿನವೂ ಹಿಂದಿರುಗಿಸಲಿಲ್ಲ. ನಿದ್ದೆಗೆಟ್ಟು ಹೆದ್ದಾರಿಯಲ್ಲಿ ಸ್ಟೀರಿಂಗ್ ಹಿಡಿಯುವವರ ಹಿಂದಿನ ಸೀಟಿನಲ್ಲಿ ಯಾರದೋ ಮನೆಯವರು ಕೂತಿರುತ್ತಾರೆ. 'ನನ್ನ ಎರಡು ಗಂಟೆ' ಎಂದಿದ್ದೆನಲ್ಲ, ಅದರಲ್ಲಿ ಅವರ ಪಾಲೂ ಇತ್ತು.

ಇನ್ನೊಂದು. ವ್ರತದಲ್ಲಿ ಕಡಿಮೆ ಮಲಗಿದಷ್ಟೂ ಹೆಚ್ಚು ತಪಸ್ಸು ಎಂದು ಕೆಲವು ಸ್ವಾಮಿಗಳು ಭಾವಿಸುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಅತಿಯಾಗಿ ಮಲಗುವವನಿಗೂ ಅತಿಯಾಗಿ ಎಚ್ಚರವಿರುವವನಿಗೂ ಯೋಗ ಕೂಡಿಬರದು ಎಂದು ಗೀತೆಯ 6ನೇ ಅಧ್ಯಾಯವೇ ಹೇಳುತ್ತದೆ. ಸನ್ನಿಧಾನದಲ್ಲಿ ಸ್ವಾಮಿಗೂ ಮಲಗುವ ಹೊತ್ತಿದೆ. ಹರಿವರಾಸನಂ ನಡೆಯುತ್ತಿರುವಾಗ ಗರ್ಭಗುಡಿಯ ದೀಪಗಳನ್ನು ಒಂದೊಂದಾಗಿ ಆರಿಸುತ್ತಾರೆ, ಆಮೇಲೆ ನಡೆ ಮುಚ್ಚುತ್ತದೆ. ಒಮ್ಮೆಗೇ ಸ್ವಿಚ್ ಒತ್ತಿದಂತಲ್ಲ. ಆದರೆ ನಾನು ಮುಖಕ್ಕೆ ಮೊಬೈಲ್ ಬೆಳಕು ಹಿಡಿದುಕೊಂಡು, ಅದನ್ನಿಟ್ಟ ತಕ್ಷಣ ನಿದ್ದೆ ಬರಲಿ ಅನ್ನುತ್ತೇನೆ! ರಾತ್ರಿಯ ಬೆಳಕು ನಿದ್ದೆ ತರುವ ಮೆಲಟೋನಿನ್ ಹಾರ್ಮೋನನ್ನು ತಗ್ಗಿಸುತ್ತದೆ. ಸಂಜೆ ಕುಡಿದ ಚಹಾದ ಕೆಫೀನ್ ಐದಾರು ಗಂಟೆಯ ನಂತರವೂ ಸುಮಾರು ಅರ್ಧ ಮೈಯಲ್ಲೇ ಇರುತ್ತದೆ.

ಈಗ ಚಾರ್ಜರ್ ಅಡುಗೆಮನೆಯಲ್ಲಿದೆ. ಒಂಬತ್ತಕ್ಕೆ ಫೋನ್ ಅಲ್ಲಿಗೆ ಹೋಗುತ್ತದೆ, ಆಮೇಲೆ ಟ್ಯೂಬ್‌ಲೈಟ್, ಕೊನೆಗೆ ದೇವರ ಮುಂದಿನ ಸಣ್ಣ ಬಲ್ಬ್. ನಾಲ್ಕರ ಮೇಲೆ ಚಹಾ ಇಲ್ಲ. ಮಲಗುವುದು ತಡವಾದರೂ ಏಳುವ ಹೊತ್ತು ಬದಲಿಸುವುದಿಲ್ಲ. ನಿದ್ದೆ ಬರದಿದ್ದರೆ ಹೊರಳಾಡುವ ಬದಲು ಎದ್ದು ಕತ್ತಲಲ್ಲೇ ಸ್ವಲ್ಪ ಹೊತ್ತು ಕೂರುತ್ತೇನೆ. ನನ್ನದೆನ್ನುವ ಸಮಯವೂ ಬೇಕಲ್ಲ, ಬೆಳಿಗ್ಗೆ ಆಫೀಸಿಗೆ ಹೊರಡುವ ಮುನ್ನ ಅರ್ಧ ಗಂಟೆ ಇಟ್ಟುಕೊಂಡಿದ್ದೇನೆ. ರಾತ್ರಿಯಷ್ಟು ಮಜವಿಲ್ಲ, ನಿಜ. ಕಳೆದ ಶನಿವಾರ ಕ್ರಿಕೆಟ್ ನೋಡುತ್ತ ಹನ್ನೆರಡೂವರೆಯಾಯಿತು, ಅದೂ ನಿಜ. ಆದರೆ ಇಯರ್‌ಫೋನ್ ಹಾಕಿಕೊಂಡು, ಅಡುಗೆಮನೆಯಲ್ಲಿ ಕೂತು ನೋಡಿದೆ.

ಅಣ್ಣನ ಚಾಪೆ ರೂಮಿಗೆ ವಾಪಸ್ ಬಂದಿದೆ.

ಸ್ವಾಮಿಯೇ ಶರಣಮಯ್ಯಪ್ಪ.